ಸಾಕಿದ ಬೆಕ್ಕಿನ ಕೊನೆಯ ದಿನಗಳು: ದಯಾಮರಣದ ನಿರ್ಧಾರ ಎಂದು?

ನಮ್ಮ ಹಳೆಯ ಮನೆಗಳಿಗೆ ಬೆಕ್ಕು ಇಲಿ ಹಿಡಿಯುವ ಕೆಲಸಕ್ಕಾಗಿ ಬಂದ ಪ್ರಾಣಿ. ಕಣಜದ ಕೋಣೆ, ಅಟ್ಟ, ಒಲೆಯ ಬದಿ ಅದರ ನೆಲೆಯಾಗಿದ್ದವು. ಹಾಲು ಅನ್ನ ಉಂಡು ಕೆಲವು ವರ್ಷ ಇದ್ದು, ಒಂದು ದಿನ ಎಲ್ಲಿಗೋ ಹೋಗಿ ಮರಳದಿದ್ದರೆ, ಬೆಕ್ಕು ಮನೆಯೊಳಗೆ ಸಾಯುವುದಿಲ್ಲವೆಂದು ಹೇಳಿ ಹಿರಿಯರು ಸುಮ್ಮನಾಗುತ್ತಿದ್ದರು. ಇಂದು ಆ ಸ್ಥಿತಿ ಬದಲಾಗಿದೆ. ಮನೆಯೊಳಗೇ ಬೆಳೆದು, ಕಾಲಕಾಲಕ್ಕೆ ಲಸಿಕೆ ಪಡೆದು, ಒಳ್ಳೆಯ ಆಹಾರ ಉಣ್ಣುವ ಬೆಕ್ಕು 15 ವರ್ಷ ಬಾಳುವುದು ಈಗ ಅಪರೂಪವಲ್ಲ. 18, 20 ವರ್ಷ ಮುಟ್ಟುವವೂ ಇವೆ. ಆಯುಷ್ಯ ಹೆಚ್ಚಿದಂತೆ ಮುಪ್ಪಿನ ರೋಗಗಳೂ ಹೆಚ್ಚಿವೆ. ಮೂತ್ರಪಿಂಡದ ವೈಫಲ್ಯ, ಸಕ್ಕರೆ ಕಾಯಿಲೆ, ಥೈರಾಯ್ಡ್ ದೋಷ, ಹೃದ್ರೋಗ, ಕ್ಯಾನ್ಸರ್ ಮೊದಲಾದವು ಮನುಷ್ಯರನ್ನು ಕಾಡುವಂತೆ ಬೆಕ್ಕುಗಳನ್ನೂ ಕಾಡುತ್ತವೆ. ಅವುಗಳ ಜೊತೆಗೆ ನಮ್ಮ ಹಿರಿಯರಿಗೆ ಎದುರಾಗದಿದ್ದ ಒಂದು ಪ್ರಶ್ನೆಯೂ ಮನೆಯೊಳಗೆ ಬಂದಿದೆ. ಗುಣವಾಗದ ರೋಗದಿಂದ ನರಳುತ್ತಿರುವ ಸಾಕುಪ್ರಾಣಿಗೆ ಪಶುವೈದ್ಯರ ಕೈಯಿಂದ ದಯಾಮರಣ ಕೊಡಿಸಬಹುದೇ? ಕೊಡಿಸುವುದಾದರೆ ಯಾವಾಗ?

ದಯೆಯನ್ನು ನಂಬಿ ಬಾಳುವ ಮನೆಗಳಲ್ಲಿ ಈ ಪ್ರಶ್ನೆ ಸುಲಭವಾಗಿ ಬಾಯಿಂದ ಹೊರಬರುವುದಿಲ್ಲ. ಇರುವೆಯನ್ನೂ ತುಳಿಯದಂತೆ ನಡೆಯಲು ಕಲಿತ ಮನಸ್ಸು, ಮಡಿಲಲ್ಲಿ ಬೆಳೆದ ಜೀವವನ್ನು ಕೊನೆಗೊಳಿಸುವ ಮಾತಿಗೇ ಹೆದರುತ್ತದೆ. ಬೆಕ್ಕನ್ನು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಉಳಿದಿದೆ. ಈ ಅಳುಕನ್ನು ಹಗುರವಾಗಿ ಕಾಣಬಾರದು. ಜೀವದ ಮೇಲಿನ ಗೌರವವೇ ಅದರ ಮೂಲ. ಆದರೆ ಕೈಗೆ ಪಾಪ ಅಂಟಬಾರದೆಂದು ದೂರ ನಿಲ್ಲುವುದೂ ನರಳುವ ಜೀವಕ್ಕೆ ಮರುಗುವುದೂ ಒಂದೇ ಅಲ್ಲ. ಮೊದಲನೆಯದರಲ್ಲಿ ನಮ್ಮ ಚಿಂತೆ ನಮ್ಮದೇ. ಎರಡನೆಯದರಲ್ಲಿ ಮಾತ್ರ ಅದು ಆ ಪ್ರಾಣಿಯದು. ಗುಣವಾಗುವ ದಾರಿ ಮುಗಿದು, ನೋವನ್ನು ತಡೆಯುವ ದಾರಿಯೂ ಮುಗಿದು, ಬೆಕ್ಕು ಬೆಕ್ಕಾಗಿ ಬಾಳುವ ಶಕ್ತಿಯೂ ಮುಗಿದಾಗ, ಅದನ್ನು ಇನ್ನಷ್ಟು ದಿನ ಉಳಿಸಿಕೊಳ್ಳುವುದು ಅಹಿಂಸೆಯಾಗಲಾರದು ಎಂಬುದು ಈ ಲೇಖಕನ ಅಭಿಪ್ರಾಯ. ಈ ಮೂರರಲ್ಲಿ ಒಂದಾದರೂ ಉಳಿದಿರುವಾಗ ಅವಸರಪಡುವುದು ದಯೆಯಾಗಲಾರದು ಎಂಬುದೂ ಅಷ್ಟೇ ದೃಢವಾದ ಅಭಿಪ್ರಾಯ.

ಈ ಚರ್ಚೆ ನಮ್ಮ ದೇಶಕ್ಕೆ ಹೊಸದಲ್ಲ. 1928ರಲ್ಲಿ ಅಹಮದಾಬಾದಿನ ಗಾಂಧೀಜಿಯವರ ಆಶ್ರಮದಲ್ಲಿ ಒಂದು ಕರು ತೀವ್ರ ನೋವಿನಿಂದ ನರಳುತ್ತಿತ್ತು. ಮಗ್ಗುಲು ಬದಲಿಸುವುದೂ ಅದಕ್ಕೆ ಯಾತನೆಯಾಗಿತ್ತು. ಪರೀಕ್ಷಿಸಿದ ವೈದ್ಯರು ಅದು ಉಳಿಯುವ ಆಸೆಯಿಲ್ಲವೆಂದರು. ಗಾಂಧೀಜಿ ಆಶ್ರಮವಾಸಿಗಳೊಡನೆ ಸಮಾಲೋಚಿಸಿದರು. ಕೊಡಲಾರದ ಜೀವವನ್ನು ತೆಗೆಯುವ ಅಧಿಕಾರ ನಮಗಿಲ್ಲವೆಂಬ ಆಕ್ಷೇಪವನ್ನು ಕೇಳಿಸಿಕೊಂಡರು. ಕೊನೆಗೆ ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಆ ಕರುವಿನ ಯಾತನೆಯನ್ನು ಮುಗಿಸಿದರು. ಅಹಿಂಸೆಯ ವ್ರತಧಾರಿಯೇ ಹೀಗೆ ಮಾಡಿದನೆಂದು ದೇಶದಲ್ಲಿ ದೊಡ್ಡ ಕೋಲಾಹಲವೆದ್ದಿತು. ಗಾಂಧೀಜಿ ಅದನ್ನು ಮರೆಮಾಚಲಿಲ್ಲ; ‘ನವಜೀವನ’ ಮತ್ತು ‘ಯಂಗ್ ಇಂಡಿಯಾ’ ಪತ್ರಿಕೆಗಳಲ್ಲಿ ತಮ್ಮ ನಿಲುವನ್ನು ವಿವರವಾಗಿ ಬರೆದರು. ಸ್ವಾರ್ಥದಿಂದ ಅಥವಾ ಸಿಟ್ಟಿನಿಂದ ನೋಯಿಸುವುದು, ಕೊಲ್ಲುವುದು ಹಿಂಸೆ. ಬೇರಾವ ದಾರಿಯೂ ಇಲ್ಲದಿರುವಾಗ ಆ ಜೀವದ ಹಿತಕ್ಕಾಗಿಯೇ ಅದರ ಯಾತನೆಯನ್ನು ಮುಗಿಸುವುದು ಹಿಂಸೆಯಲ್ಲ ಎಂಬುದು ಅವರ ವಾದದ ಸಾರ. ಎಲ್ಲರೂ ಅದನ್ನು ಒಪ್ಪಲಿಲ್ಲ, ಒಪ್ಪಲೇಬೇಕೆಂದೂ ಇಲ್ಲ. ಆದರೆ ಅವರು ನಡೆದ ಕ್ರಮ ನಮಗೆ ಪಾಠವಾಗಬಲ್ಲದು. ಮೊದಲು ವೈದ್ಯರ ಮಾತು, ಬಳಿಕ ಬಳಗದವರೊಡನೆ ಸಮಾಲೋಚನೆ, ಅದರ ನಂತರ ಕೃತಿ, ಕೊನೆಗೆ ಆ ಕೃತಿಯ ಹೊಣೆ.

ಮನುಷ್ಯರ ವಿಷಯದಲ್ಲಿ ಹೀಗೇಕೆ ಮಾಡುವುದಿಲ್ಲ ಎಂದು ಕೆಲವರು ಕೇಳುತ್ತಾರೆ. ಚೇತರಿಸಿಕೊಳ್ಳಲಾರದ ರೋಗಿಗೆ ಕೃತಕ ಜೀವಾಧಾರವನ್ನು ನಿಲ್ಲಿಸಲು, ಕಟ್ಟುನಿಟ್ಟಿನ ಷರತ್ತುಗಳೊಡನೆ, ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಅವಕಾಶ ನೀಡಿತು. ಆದರೆ ಚುಚ್ಚುಮದ್ದು ನೀಡಿ ಮನುಷ್ಯನ ಪ್ರಾಣ ತೆಗೆಯಲು ನಮ್ಮ ಕಾನೂನಿನಲ್ಲಿ ಅನುಮತಿಯಿಲ್ಲ. ಮನುಷ್ಯ ತನ್ನ ಇಚ್ಛೆಯನ್ನು ಹೇಳಬಲ್ಲ, ಮುಂಚಿತವಾಗಿ ಬರೆದಿಡಬಲ್ಲ. ತನ್ನ ನೋವಿಗೆ ಒಂದು ಅರ್ಥವನ್ನೂ ಕಂಡುಕೊಳ್ಳಬಲ್ಲ. ಬೆಕ್ಕಿಗೆ ಇವು ಯಾವುವೂ ಇಲ್ಲ. ನಾಳೆ ನೋವು ಕಡಿಮೆಯಾದೀತೆಂಬ ಭರವಸೆಯನ್ನು ಅದಕ್ಕೆ ತಿಳಿಹೇಳಲಾಗದು. ಅದರ ಪಾಲಿಗೆ ಈ ಹೊತ್ತಿನ ನೋವೇ ಇಡೀ ಲೋಕ. ಆದ್ದರಿಂದಲೇ ಅದರ ಪರವಾಗಿ ನಿರ್ಧರಿಸುವ ಭಾರ ಸಾಕಿದವರ ಮೇಲೆ ಬೀಳುತ್ತದೆ.

ಈ ನಿರ್ಧಾರಕ್ಕೆ ಮೊದಲ ಮೆಟ್ಟಿಲು ರೋಗ ಯಾವುದೆಂದು ಖಚಿತವಾಗಿ ತಿಳಿಯುವುದು. ಊಹೆಯ ಮೇಲೆ ಪ್ರಾಣದ ತೀರ್ಮಾನ ಆಗಬಾರದು. ಮುಪ್ಪಿನ ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವ ಮೂತ್ರಪಿಂಡದ ದೀರ್ಘಕಾಲಿಕ ರೋಗವನ್ನೇ ನೋಡೋಣ. ಮೂತ್ರಪಿಂಡದ ಸಾಮರ್ಥ್ಯದ ಸುಮಾರು ಮೂರನೆಯ ಎರಡು ಭಾಗ ನಾಶವಾಗುವವರೆಗೆ ಹೊರಗೆ ಲಕ್ಷಣಗಳು ಸ್ಪಷ್ಟವಾಗಿ ತೋರುವುದಿಲ್ಲ. ಬಳಿಕ ಬೆಕ್ಕು ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ, ಸೊರಗುತ್ತದೆ, ವಾಂತಿ ಮಾಡುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂಬುದನ್ನು ನೋಡಿ ವೈದ್ಯರು ಈ ರೋಗವನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಡೆಸಿಲೀಟರಿಗೆ 5 ಮಿಲಿಗ್ರಾಮಿಗಿಂತ ಹೆಚ್ಚಾದರೆ ಅದು ನಾಲ್ಕನೆಯ, ಅಂದರೆ ಕೊನೆಯ ಹಂತ. ಆದರೂ ಒಂದೇ ದಿನದ ವರದಿಯನ್ನು ಹಿಡಿದು ತೀರ್ಪು ಬರೆಯಬಾರದು. ನೀರಿನಂಶ ಕಡಿಮೆಯಾದಾಗ, ಸೋಂಕು ತಗುಲಿದಾಗ ಈ ಅಂಕಿ ಏರುತ್ತದೆ. ಕೆಲವು ದಿನಗಳ ಚಿಕಿತ್ಸೆಯಿಂದ ಇಳಿಯಲೂಬಹುದು. ರಂಜಕಾಂಶ ಕಡಿಮೆಯಿರುವ ಆಹಾರ, ವಾಕರಿಕೆಗೆ ಔಷಧ, ವೈದ್ಯರು ಕಲಿಸಿಕೊಟ್ಟಂತೆ ಮನೆಯಲ್ಲೇ ಚರ್ಮದಡಿ ನೀಡುವ ದ್ರವ, ಇಷ್ಟರಿಂದ ಅನೇಕ ಬೆಕ್ಕುಗಳು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ, ನೆಮ್ಮದಿಯಾಗಿ ಬಾಳುತ್ತವೆ.

ಬೆಕ್ಕುಗಳ ಕೊರೋನಾ ವೈರಸ್ಸಿನಿಂದ ಬರುವ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ಸಾಂಕ್ರಾಮಿಕ ಪೆರಿಟೋನೈಟಿಸ್ ಎಂಬ ರೋಗವನ್ನು ಕೆಲವು ವರ್ಷಗಳ ಹಿಂದಿನವರೆಗೂ ಮರಣಶಾಸನವೆಂದೇ ಎಣಿಸಲಾಗಿತ್ತು. ಜಿಎಸ್-441524 ಎಂಬ ವೈರಸ್ ನಿರೋಧಕ ಔಷಧವನ್ನು ಸಾಮಾನ್ಯವಾಗಿ 84 ದಿನಗಳ ಕಾಲ ನೀಡಿ, ಹೆಚ್ಚಿನ ಬೆಕ್ಕುಗಳನ್ನು ಉಳಿಸಬಹುದೆಂದು ಈಗ ತಿಳಿದುಬಂದಿದೆ. ಹತ್ತು ವರ್ಷ ಹಿಂದಿನ ತಿಳಿವಳಿಕೆಯನ್ನು ನಂಬಿ ಇಂದಿನ ಬೆಕ್ಕಿನ ಆಸೆ ಬಿಡಬಾರದು. ಹಳ್ಳಿ ಪಟ್ಟಣಗಳ ಪಶು ಚಿಕಿತ್ಸಾಲಯಗಳಲ್ಲಿ ದನ, ಎಮ್ಮೆ, ಕುರಿಗಳ ಚಿಕಿತ್ಸೆಯೇ ಮುಖ್ಯವಾಗಿರುವುದು ಸಹಜ. ಅಲ್ಲಿ ಬೆಕ್ಕಿನ ರೋಗ ಸ್ಪಷ್ಟವಾಗದಿದ್ದರೆ ಬೆಂಗಳೂರಿನ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ, ಅಥವಾ ಸಣ್ಣ ಪ್ರಾಣಿಗಳ ಚಿಕಿತ್ಸೆಯಲ್ಲಿ ಅನುಭವವುಳ್ಳ ವೈದ್ಯರಲ್ಲಿ, ಇನ್ನೊಂದು ಅಭಿಪ್ರಾಯ ಕೇಳುವುದು ಒಳಿತು.

ಎರಡನೆಯ ಮೆಟ್ಟಿಲು ನೋವನ್ನು ಗುರುತಿಸುವುದು. ಇದು ಬಹು ಕಷ್ಟದ ಕೆಲಸ. ನಾಯಿ ನರಳುತ್ತದೆ, ಕುಂಟುತ್ತದೆ, ಬಳಿಗೆ ಬಂದು ಮುಖ ನೋಡುತ್ತದೆ. ಬೆಕ್ಕು ಬೇಟೆಯಾಡುವ ಪ್ರಾಣಿಯೂ ಹೌದು, ತನಗಿಂತ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ಆದ್ದರಿಂದ ನೋವನ್ನು ಅಡಗಿಸಿಕೊಳ್ಳುವುದು ಅದರ ಹುಟ್ಟುಗುಣ. ಕೂಗಲಿಲ್ಲವೆಂದರೆ ನೋವಿಲ್ಲವೆಂದಲ್ಲ. ಗುರುಗುಟ್ಟುತ್ತಿದೆ ಎಂದರೆ ಸುಖವಾಗಿದೆಯೆಂದೂ ಅಲ್ಲ. ನೋವಿನಲ್ಲಿ, ಭಯದಲ್ಲಿ, ಸಾಯುವ ಗಳಿಗೆಯಲ್ಲಿಯೂ ಬೆಕ್ಕು ಗುರುಗುಟ್ಟುವುದುಂಟು. ಮೈ ನೆಕ್ಕಿ ಶುಚಿ ಮಾಡಿಕೊಳ್ಳುವುದನ್ನು ಬಿಟ್ಟು ಕೂದಲು ಗಂಟುಕಟ್ಟುವುದು, ಮಂಚದಡಿ ಅಥವಾ ಕತ್ತಲ ಮೂಲೆಯಲ್ಲಿ ಅಡಗುವುದು, ಬೆನ್ನು ಬಾಗಿಸಿ ಕಾಲುಗಳನ್ನು ಮೈಯಡಿ ಸೇರಿಸಿಕೊಂಡು ಬಹು ಹೊತ್ತು ಕೂರುವುದು, ಹಾರುತ್ತಿದ್ದ ಕಟ್ಟೆಗೆ ಹಾರದಿರುವುದು, ಮುಟ್ಟಿದರೆ ಸಿಡಿಮಿಡಿಗೊಳ್ಳುವುದು, ಮಲಮೂತ್ರದ ಜಾಗ ಬಿಟ್ಟು ಮಲಗಿದಲ್ಲೇ ಹೇಸಿಗೆ ಮಾಡಿಕೊಳ್ಳುವುದು, ಇವೆಲ್ಲ ನೋವಿನ ಭಾಷೆಯಾಗಿರಬಹುದು.

ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು ಬೆಕ್ಕಿನ ಮುಖವನ್ನು ನೋಡಿಯೇ ನೋವನ್ನು ಅಳೆಯುವ ಒಂದು ಕ್ರಮವನ್ನು 2019ರಲ್ಲಿ ಪ್ರಕಟಿಸಿದ್ದಾರೆ. ಕಿವಿಗಳ ನಿಲುವು, ಕಣ್ಣು ಕಿರಿದಾಗಿರುವುದು, ಮೂತಿಯ ಬಿಗಿತ, ಮೀಸೆಗಳ ನಿಲುವು, ಹೆಗಲಿಗಿಂತ ತಲೆ ತಗ್ಗಿರುವುದು, ಈ ಐದಕ್ಕೂ 0ಯಿಂದ 2ರವರೆಗೆ ಅಂಕ ಕೊಡಬೇಕು. ಒಟ್ಟು 10ರಲ್ಲಿ 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವುನಿವಾರಕ ಬೇಕೆಂದು ತಿಳಿಯಬೇಕು. ಹೀಗೆ ಗುರುತಿಸಿದ ನೋವನ್ನು ವೈದ್ಯರಿಗೆ ತಿಳಿಸಿ, ಬೆಕ್ಕಿಗೆ ಹೊಂದುವ ಔಷಧವನ್ನು ಬರೆಸಿಕೊಳ್ಳಬೇಕು. ಸಹಿಸಲಾಗದು ಎನ್ನಿಸಿದ್ದ ಸ್ಥಿತಿ ಸರಿಯಾದ ನೋವುನಿವಾರಕದಿಂದ ಸಹನೀಯವಾಗಿ, ಸಾವಿನ ಪ್ರಶ್ನೆಯೇ ಮುಂದಕ್ಕೆ ಹೋದ ಸಂದರ್ಭಗಳು ಕಡಿಮೆಯಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಮನೆಯಲ್ಲಿ ಜ್ವರಕ್ಕೆಂದು ಇಟ್ಟುಕೊಂಡ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದೂ ಕೊಡಬಾರದು. ಅದನ್ನು ಪಚನಗೊಳಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಅದರ ರಕ್ತ ಆಮ್ಲಜನಕವನ್ನು ಹೊರುವ ಸಾಮರ್ಥ್ಯ ಕಳೆದುಕೊಳ್ಳುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೆನ್ ಕೂಡ ಬೆಕ್ಕಿಗೆ ವಿಷ. ಮರುಕದಿಂದ ಕೊಟ್ಟ ಮಾತ್ರೆಯೇ ಯಾತನೆಯ ಸಾವಿಗೆ ಕಾರಣವಾಗಬಾರದು.

ಮೂರನೆಯ ಮೆಟ್ಟಿಲು ದಿನಗಳನ್ನು ಲೆಕ್ಕಹಾಕುವುದು. ಕಣ್ಣೆದುರೇ ದಿನದಿನವೂ ಇಷ್ಟಿಷ್ಟೇ ಕುಗ್ಗುವ ಜೀವದ ಸ್ಥಿತಿ ಜೊತೆಗಿರುವವರಿಗೆ ತಿಳಿಯುವುದೇ ಇಲ್ಲ. ತಿಂಗಳ ನಂತರ ಬಂದ ನೆಂಟರು ‘ಅಯ್ಯೋ, ಇಷ್ಟು ಸೊರಗಿದೆಯಲ್ಲ’ ಎಂದಾಗಲೇ ನಾವು ಬೆಚ್ಚುವುದು. ಇದಕ್ಕೆ ಬರವಣಿಗೆಯೇ ಪರಿಹಾರ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಅವರು ರೂಪಿಸಿದ ಬದುಕಿನ ಗುಣಮಟ್ಟದ ಅಳತೆಗೋಲಿನಲ್ಲಿ ಏಳು ಅಂಶಗಳಿವೆ: ನೋವು ಹತೋಟಿಯಲ್ಲಿದೆಯೇ, ಹಸಿವಿದೆಯೇ, ಮೈಯಲ್ಲಿ ನೀರಿನಂಶವಿದೆಯೇ, ಶುಚಿಯಾಗಿದೆಯೇ, ಸಂತೋಷದ ಚಿಹ್ನೆಗಳಿವೆಯೇ, ಓಡಾಡಬಲ್ಲದೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ. ಒಂದೊಂದಕ್ಕೂ 10ರಂತೆ ಅಂಕ. ಒಟ್ಟು 70ರಲ್ಲಿ 35ಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸಬಹುದು ಎಂಬುದು ಅವರ ಸೂಚನೆ. ಅಂಕಗಳು ನಮ್ಮ ಬದಲು ನಿರ್ಧರಿಸುವುದಿಲ್ಲ. ನಾವು ನೋಡಲು ಹಿಂಜರಿಯುವುದನ್ನು ಕಣ್ಣ ಮುಂದೆ ಇಡುವುದಷ್ಟೇ ಅವುಗಳ ಕೆಲಸ.

ಅಷ್ಟೂ ಬೇಡವೆನ್ನುವವರು ಮನೆಯ ಕ್ಯಾಲೆಂಡರನ್ನೇ ಬಳಸಬಹುದು. ಆರೋಗ್ಯವಾಗಿದ್ದಾಗ ಆ ಬೆಕ್ಕಿಗೆ ಪ್ರಿಯವಾಗಿದ್ದ ಮೂರು ಸಂಗತಿಗಳನ್ನು ಬರೆದಿಡಿ. ಬೆಳಗಿನ ಎಳೆಬಿಸಿಲಿನಲ್ಲಿ ಮಲಗುವುದು, ಹಾಲಿನ ಪಾತ್ರೆಯ ಸದ್ದಿಗೆ ಓಡಿಬರುವುದು, ಸಂಜೆ ಬಾಗಿಲಲ್ಲಿ ಕಾದು ಕುಳಿತಿರುವುದು, ಹೀಗೆ ಏನಾದರೂ ಇರಬಹುದು. ದಿನವೂ ರಾತ್ರಿ, ಈ ದಿನ ಅದು ಇವುಗಳಲ್ಲಿ ಒಂದನ್ನಾದರೂ ಮಾಡಿತೇ, ತಾನಾಗಿ ಉಂಡಿತೇ, ನೋವಿಲ್ಲದೆ ಮಲಗಿತೇ ಎಂದು ನೋಡಿ, ಒಳ್ಳೆಯ ದಿನವಾದರೆ ಒಂದು ಗುರುತು, ಕೆಟ್ಟ ದಿನವಾದರೆ ಇನ್ನೊಂದು ಗುರುತು ಹಾಕಿ. ಚಿಕಿತ್ಸೆ ನಡೆಯುತ್ತಿದ್ದರೂ ಕೆಟ್ಟ ದಿನಗಳು ಹೆಚ್ಚುತ್ತ ಹೋಗಿ, ಎರಡು ವಾರಗಳಲ್ಲಿ ಒಳ್ಳೆಯ ದಿನಗಳು ಬೆರಳೆಣಿಕೆಗೆ ಇಳಿದರೆ, ವೈದ್ಯರೊಡನೆ ಕೊನೆಯ ಮಾತನ್ನು ಆಡುವ ಕಾಲ ಬಂದಿದೆ ಎಂದೇ ಅರ್ಥ. ಆಗ ವೈದ್ಯರನ್ನು ನೇರವಾಗಿ ಕೇಳಬೇಕು. ಇನ್ನು ಯಾವ ಚಿಕಿತ್ಸೆ ಉಳಿದಿದೆ? ಅದರಿಂದ ಎಷ್ಟು ಒಳ್ಳೆಯ ದಿನಗಳನ್ನು ನಿರೀಕ್ಷಿಸಬಹುದು? ಏನೂ ಮಾಡದಿದ್ದರೆ ಕೊನೆ ಹೇಗಿರುತ್ತದೆ?

ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಅನೇಕರ ಕಣ್ಣು ತೆರೆಸುತ್ತದೆ. ‘ತಾನಾಗಿಯೇ ಹೋಗಲಿ, ನಿದ್ದೆಯಲ್ಲಿ ಜೀವ ಬಿಡಲಿ’ ಎಂಬುದು ನಮ್ಮೆಲ್ಲರ ಹಂಬಲ. ನಿದ್ದೆಯಲ್ಲಿ ಬರುವ ಸಾವು ಎಲ್ಲ ಬೆಕ್ಕುಗಳ ಭಾಗ್ಯವಲ್ಲ. ಮೂತ್ರಪಿಂಡ ಪೂರ್ತಿ ಸೋತ ಬೆಕ್ಕಿನ ರಕ್ತದಲ್ಲಿ ಕಲ್ಮಷ ತುಂಬಿ, ಬಾಯಲ್ಲಿ ಹುಣ್ಣಾಗಿ, ಬಿಡದೆ ವಾಕರಿಕೆಯಾಗಿ, ಕೆಲವೊಮ್ಮೆ ಸೆಳವು ಬಂದು, ದಿನಗಟ್ಟಲೆ ಜೀವ ಹೋಗದೆ ಒದ್ದಾಡುವುದುಂಟು. ಅನ್ನ ಬಿಟ್ಟ ಬೆಕ್ಕು ವ್ರತ ಹಿಡಿದಿಲ್ಲ. ತಾನಾಗಿ ದೇಹ ತ್ಯಜಿಸಲು ಸಂಕಲ್ಪಿಸಿಯೂ ಇಲ್ಲ. ವಾಕರಿಕೆಯಿಂದ, ಹುಣ್ಣಿನಿಂದ ಉಣ್ಣಲಾರದಾಗಿದೆ ಅಷ್ಟೆ. ಹಾಗೆಂದು ಅನ್ನ ಬಿಟ್ಟಿತೆಂಬ ಒಂದೇ ಕಾರಣಕ್ಕೆ ಅದರ ಕೊನೆ ಬಂತೆಂದೂ ತಿಳಿಯಬಾರದು. ಕೆಲವು ದಿನ ಉಪವಾಸವಿದ್ದರೆ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೇ ಒಂದು ಮಾರಕ ರೋಗವಾಗುತ್ತದೆ. ಬೇಗ ಚಿಕಿತ್ಸೆ ಮಾಡಿದರೆ ಅದರಿಂದ ಪಾರಾಗಲೂ ಸಾಧ್ಯ. ಆದ್ದರಿಂದ ಬೆಕ್ಕು ಇಡೀ ಒಂದು ದಿನ ಏನೂ ಉಣ್ಣದಿದ್ದರೆ ವೈದ್ಯರಿಗೆ ತೋರಿಸಬೇಕು.

ಕೆಲವು ಸಂದರ್ಭಗಳಲ್ಲಿ ದಿನಗಳನ್ನು ಲೆಕ್ಕಹಾಕುವಷ್ಟು ಸಮಯವೇ ಇರುವುದಿಲ್ಲ. ಹೃದಯದ ಸ್ನಾಯು ದಪ್ಪಗಾಗುವ ರೋಗವಿರುವ ಬೆಕ್ಕಿನಲ್ಲಿ ರಕ್ತದ ಹೆಪ್ಪು ಹರಿದುಹೋಗಿ, ಹಿಂಗಾಲುಗಳಿಗೆ ರಕ್ತ ಕೊಡುವ ನಾಳವನ್ನು ಮುಚ್ಚುವುದುಂಟು. ಚೆನ್ನಾಗಿ ಓಡಾಡಿಕೊಂಡಿದ್ದ ಬೆಕ್ಕು ಥಟ್ಟನೆ ಚೀರಿ ಬೀಳುತ್ತದೆ. ಹಿಂಗಾಲುಗಳು ತಣ್ಣಗಾಗಿ ಎಳೆದಾಡುತ್ತವೆ. ಇದು ಅತ್ಯಂತ ನೋವಿನ ಸ್ಥಿತಿ. ಕೂಡಲೇ ಆಸ್ಪತ್ರೆಗೆ ಒಯ್ದು ನೋವಿಗೆ ಮದ್ದು ಕೊಡಿಸಬೇಕು. ಚೇತರಿಸಿಕೊಳ್ಳುವ ಬೆಕ್ಕುಗಳೂ ಇವೆ. ಆದರೆ ಎರಡೂ ಕಾಲುಗಳು ಹೋಗಿ, ಮೈ ತಣ್ಣಗಾಗಿ, ಹೃದಯವೂ ಸೋತಿದೆಯೆಂದು ವೈದ್ಯರು ಹೇಳಿದಾಗ, ಊರಿಂದ ಮಕ್ಕಳು ಬರಲೆಂದು ನಾಳೆಯವರೆಗೆ ಕಾಯುವುದು ಸರಿಯಲ್ಲ. ಅಗಲಿಕೆಯ ನೋವು ನಮ್ಮದು. ಅದರ ಬೆಲೆಯನ್ನು ಬೆಕ್ಕಿನಿಂದ ತೆಗೆದುಕೊಳ್ಳಬಾರದು.

ಹುಚ್ಚುರೋಗದ ಶಂಕೆಯಿರುವಾಗ ಮಾತ್ರ ಕ್ರಮವೇ ಬೇರೆ. ಬೆಕ್ಕಿನಿಂದಲೂ ರೇಬಿಸ್ ಮನುಷ್ಯರಿಗೆ ತಗಲುತ್ತದೆ. ಸ್ವಭಾವ ಥಟ್ಟನೆ ಬದಲಾಗಿ ಮೈಮೇಲೆ ಎರಗುವುದು, ಜೊಲ್ಲು ಸುರಿಯುವುದು, ನುಂಗಲಾರದಿರುವುದು, ಪಾರ್ಶ್ವವಾಯು ಮುಂತಾದ ಲಕ್ಷಣ ಕಂಡರೆ ಅದನ್ನು ಮುಟ್ಟದೆ, ಮಕ್ಕಳನ್ನು ದೂರವಿಟ್ಟು, ಪಶುವೈದ್ಯರನ್ನು ಕರೆಯಬೇಕು. ಕಚ್ಚಿದ್ದರೆ, ಪರಚಿದ್ದರೆ ಗಾಯವನ್ನು 15 ನಿಮಿಷ ಸೋಪು ನೀರಿನಿಂದ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಇಲ್ಲಿ ಮನೆಮದ್ದಿಗೂ ಮಮತೆಗೂ ಎಡೆಯಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ದಯಾಮರಣವೆಂಬ ಪದದಲ್ಲಿ ದಯೆ ಮೊದಲು ಬರುತ್ತದೆ, ಮರಣ ಆಮೇಲೆ. ದಯೆಯಿಲ್ಲದಿದ್ದರೆ ಉಳಿಯುವುದು ಮರಣ ಮಾತ್ರ. ಮುದಿಯಾಯಿತು, ಕಣ್ಣು ಕಾಣದು, ಮನೆ ಗಲೀಜು ಮಾಡುತ್ತದೆ, ವರ್ಗವಾಗಿದೆ, ಹೊಸ ಮನೆಯಲ್ಲಿ ಬೆಕ್ಕು ಬೇಡ, ಇವು ಯಾವುವೂ ಪ್ರಾಣ ತೆಗೆಯಲು ಕಾರಣಗಳಲ್ಲ. ಕುರುಡು ಬೆಕ್ಕು ಪಾತ್ರೆ ಪಡಗ ಸ್ಥಳ ಬದಲಿಸದ ಮನೆಯಲ್ಲಿ ಚೆನ್ನಾಗಿ ಬಾಳುತ್ತದೆ. ಮೂರು ಕಾಲಿನ ಬೆಕ್ಕು ಗೋಡೆ ಹತ್ತುತ್ತದೆ. ಸಕ್ಕರೆ ಕಾಯಿಲೆಯ ಬೆಕ್ಕು ಇನ್ಸುಲಿನ್ ಪಡೆದು ವರ್ಷಗಟ್ಟಲೆ ಇರುತ್ತದೆ. ನಮ್ಮ ಬೇಸರವನ್ನು ಅದರ ನೋವೆಂದು ಕರೆದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಾರದು.

ಹಣದ ಮಾತನ್ನೂ ಬಚ್ಚಿಡಬೇಕಾಗಿಲ್ಲ. ದುಡಿದು ಉಣ್ಣುವ ಮನೆಗೆ ಬೆಕ್ಕಿನ ಪರೀಕ್ಷೆ, ಔಷಧ, ನಗರಕ್ಕೆ ಓಡಾಟ ಭಾರವಾಗುತ್ತದೆ. ಎಲ್ಲ ಚಿಕಿತ್ಸೆಯನ್ನೂ ಮಾಡಿಸಲಾಗಲಿಲ್ಲವೆಂದು ಯಾರೂ ತಮ್ಮನ್ನು ಹಳಿದುಕೊಳ್ಳಬೇಕಾಗಿಲ್ಲ. ವೈದ್ಯರಿಗೆ ನಮ್ಮ ಶಕ್ತಿ ಇಷ್ಟು ಎಂದು ತಿಳಿಸಿದರೆ, ಅದರೊಳಗೆ ನೋವು ತಗ್ಗಿಸುವ ಸರಳ ದಾರಿಯನ್ನು ಅವರು ಹೇಳಬಲ್ಲರು. ಆದರೆ ಶಕ್ತಿಯಿಲ್ಲವೆಂದು ರೋಗಪೀಡಿತ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಸಂತೆಯಲ್ಲೋ ಗುಡಿಯ ಹಿಂದೆಯೋ ಊರಾಚೆಯೋ ಬಿಟ್ಟುಬರುವ ರೂಢಿ ನಿಲ್ಲಬೇಕು. ಕೈಯಾರೆ ಕೊಲ್ಲಲಿಲ್ಲವೆಂಬ ಸಮಾಧಾನಕ್ಕಾಗಿ, ಅದನ್ನು ಹಸಿವಿಗೆ, ಬಾಯಾರಿಕೆಗೆ, ನಾಯಿಗಳ ಬಾಯಿಗೆ ಒಪ್ಪಿಸುವುದು ಇದು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ, 1960, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದು ಹೋಗುವುದನ್ನೂ, ಕ್ರೂರ ವಿಧಾನದಿಂದ ಅದನ್ನು ಕೊಲ್ಲುವುದನ್ನೂ ಅಪರಾಧವೆನ್ನುತ್ತದೆ. ಪ್ರಾಣಿಯನ್ನು ಬದುಕಿಸಿಟ್ಟುಕೊಳ್ಳುವುದೇ ಕ್ರೌರ್ಯವಾಗುವ ಸ್ಥಿತಿಯೂ ಇದೆಯೆಂಬುದನ್ನು ಅದೇ ಕಾಯಿದೆಯ 13ನೇ ಕಲಂ ಗುರುತಿಸಿದೆ.

ನಿರ್ಧಾರವಾದ ಮೇಲೆ ಅದು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ಸಾಕಿದವರ ಕೊನೆಯ ಕರ್ತವ್ಯ. ವೈದ್ಯರು ಮೊದಲು ಬೆಕ್ಕು ಮಂಪರಿಗೆ ಹೋಗುವ ಚುಚ್ಚುಮದ್ದು ಕೊಡುತ್ತಾರೆ. ಅದು ಪೂರ್ತಿ ಎಚ್ಚರ ತಪ್ಪಿದ ಬಳಿಕ ಅರಿವಳಿಕೆಯ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ನೀಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಉಸಿರೂ ಹೃದಯವೂ ನಿಲ್ಲುತ್ತವೆ. ಎಚ್ಚರವಿರುವ ಪ್ರಾಣಿಗೆ ಪೊಟ್ಯಾಸಿಯಂ ಕ್ಲೋರೈಡ್ ಅಥವಾ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುವುದನ್ನು ಪಶುವೈದ್ಯಶಾಸ್ತ್ರ ಒಪ್ಪುವುದಿಲ್ಲ. ಏಕೆಂದರೆ ಅದು ಯಾತನೆಯ ಸಾವು. ಆದ್ದರಿಂದ ‘ಮೊದಲು ಪೂರ್ತಿ ಎಚ್ಚರ ತಪ್ಪಿಸುತ್ತೀರಲ್ಲವೇ ಡಾಕ್ಟರೇ?’ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ. ಪ್ರಾಣ ಹೋದ ಮೇಲೂ ಬೆಕ್ಕಿನ ಕಣ್ಣು ತೆರೆದೇ ಇರಬಹುದು, ಒಂದೆರಡು ಬಾರಿ ಉಸಿರೆಳೆದಂತೆ ತೋರಬಹುದು, ಮೂತ್ರ ಹೋಗಬಹುದು. ಇವು ಸ್ನಾಯುಗಳ ಕ್ರಿಯೆಯೇ ಹೊರತು ನೋವಿನ ಗುರುತಲ್ಲ. ಮೊದಲೇ ತಿಳಿದಿದ್ದರೆ ಮನಸ್ಸು ಕದಡುವುದಿಲ್ಲ. ಸಾಧ್ಯವಿದ್ದರೆ ವೈದ್ಯರನ್ನು ಮನೆಗೇ ಕರೆಸಬಹುದು. ಆಗದಿದ್ದರೆ ಅದು ಮಲಗುತ್ತಿದ್ದ ಬಟ್ಟೆಯನ್ನು ಜೊತೆಗೆ ಒಯ್ಯಿರಿ. ತಾಳಿಕೊಳ್ಳುವ ಶಕ್ತಿಯಿರುವವರು ಹತ್ತಿರವೇ ಇದ್ದು ತಲೆ ನೇವರಿಸಲಿ. ಆ ಹೊತ್ತಿನಲ್ಲಿ ಪರಿಚಿತ ಕೈ, ಪರಿಚಿತ ದನಿ ಅದರ ಅಂಜಿಕೆಯನ್ನು ತಗ್ಗಿಸುತ್ತವೆ. ಇರಲಾರದವರನ್ನು ಯಾರೂ ಆಕ್ಷೇಪಿಸಬಾರದು.

ದೇಹವನ್ನು ಮಣ್ಣು ಮಾಡುವಾಗ ಬಾವಿ, ಕೆರೆಗಳಿಂದ ದೂರದಲ್ಲಿ ಕನಿಷ್ಠ ಮೂರು ಅಡಿ ಆಳದ ಕುಣಿ ತೋಡಬೇಕು. ಔಷಧದ ಅಂಶ ದೇಹದಲ್ಲಿ ಉಳಿದಿರುವುದರಿಂದ, ಅಗೆದು ತಿಂದ ನಾಯಿ, ಕಾಗೆಗಳೂ ಸಾಯುವ ಅಪಾಯವಿದೆ. ಮನೆಯ ಚಿಕ್ಕ ಮಕ್ಕಳಿಗೆ ‘ಬೆಕ್ಕನ್ನು ಮಲಗಿಸಿದರು’, ‘ಎಲ್ಲಿಗೋ ಓಡಿಹೋಯಿತು’ ಎಂದು ಹೇಳುವುದು ಸರಿಯಲ್ಲ. ಮಲಗಿದವರು ಏಳುವುದಿಲ್ಲವೆಂಬ ಭಯವೋ, ಓಡಿಹೋದ ಬೆಕ್ಕು ಬಂದೀತೆಂಬ ಕಾಯುವಿಕೆಯೋ ಅವರಲ್ಲಿ ಉಳಿಯುತ್ತದೆ. ಅದಕ್ಕೆ ವಾಸಿಯಾಗದ ರೋಗವಿತ್ತು, ತುಂಬ ನೋಯುತ್ತಿತ್ತು, ಇನ್ನು ನೋಯದಂತೆ ವೈದ್ಯರು ಸಹಾಯ ಮಾಡಿದರು, ಅದು ಸತ್ತಿದೆ ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ನಿಜವನ್ನೇ ಹೇಳಬೇಕು. ಅಳುವ ಮಗುವಿಗೆ ‘ಬೆಕ್ಕು ತಾನೆ’ ಎಂದು ಗದರುವುದು, ಅಳುವ ಹಿರಿಯರನ್ನು ನೋಡಿ ನಗುವುದು, ಎರಡೂ ಒರಟುತನ.

ಯಾವಾಗ ಎಂಬ ಪ್ರಶ್ನೆಗೆ ಪಂಚಾಂಗದಲ್ಲಿ ತಿಥಿಯಿಲ್ಲ. ಯಾವ ಪರೀಕ್ಷೆಯ ವರದಿಯೂ ದಿನಾಂಕ ಬರೆದುಕೊಡುವುದಿಲ್ಲ. ಗುಣವಾಗುವ ಬಾಗಿಲು ಮುಚ್ಚಿದೆಯೇ? ನೋವು ಔಷಧದ ಹತೋಟಿ ಮೀರಿದೆಯೇ? ಉಣ್ಣುವ, ಮೈ ನೆಕ್ಕಿಕೊಳ್ಳುವ, ಬಿಸಿಲು ಅರಸುವ, ನಮ್ಮನ್ನು ಗುರುತಿಸುವ ಆ ಜೀವದ ಸ್ವಭಾವ ಆರಿಹೋಗಿದೆಯೇ? ಈ ಮೂರಕ್ಕೂ ಹೌದೆಂಬ ಉತ್ತರವನ್ನು ವೈದ್ಯರೂ ಮನೆಯವರೂ ಕೂಡಿ ಕಂಡುಕೊಂಡ ದಿನವೇ ಆ ದಿನ. ಕೊನೆಯ ಉಸಿರಿನ ಯಾತನೆಯನ್ನು ಕಾಣುವವರೆಗೆ ಕಾಯಬೇಕಾಗಿಲ್ಲ. ಉಳಿದ ಒಂದೆರಡು ಕೆಟ್ಟ ದಿನಗಳನ್ನು ಅದಕ್ಕೆ ಉಳಿಸಿಕೊಡುವುದರಲ್ಲಿ ಪುಣ್ಯವೇನೂ ಇಲ್ಲ. ಹೀಗೆ ನಿರ್ಧರಿಸಿದವರ ಮನಸ್ಸಿನಲ್ಲಿ ದುಃಖ ಉಳಿಯುತ್ತದೆ, ಬಹುಕಾಲ ಉಳಿಯಲೂಬಹುದು. ಆ ದುಃಖವನ್ನು ಪಾಪವೆಂದು ತಪ್ಪಾಗಿ ತಿಳಿಯದಿರಲಿ. ವೈದ್ಯರನ್ನು ಕೇಳಿ, ಮಾಡಬಹುದಾದುದನ್ನು ಮಾಡಿ, ತನ್ನ ಸುಖವನ್ನು ಹಿಂದಿಟ್ಟು ಮೂಕಪ್ರಾಣಿಯ ನೋವನ್ನು ಮುಂದಿಟ್ಟು ನಿರ್ಧರಿಸಿದವರು ಪ್ರಾಯಶ್ಚಿತ್ತಕ್ಕೆ ಬಂಗಾರದ ಬೆಕ್ಕನ್ನು ಮಾಡಿಸಬೇಕಾಗಿಲ್ಲ. ಬೀದಿಯಲ್ಲಿ ಹಸಿದು ಬಂದ ಇನ್ನೊಂದು ಬೆಕ್ಕಿಗೆ ಒಂದು ಹಿಡಿ ಅನ್ನ, ಒಂದು ಬಟ್ಟಲು ನೀರು ಇಟ್ಟರೆ ಸಾಕು.